ಅನ್ಯಭಾಷೆ: ಒಳಗಿದ್ದು ಹೊರಬಂದವರ ಅನುಮಾನ

ಹೋದ ಮಾಘಮಾಸದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಮಗಳ ಮದುವೆಗೆಂದು ಚಿಂತಾಮಣಿಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಬಂದು ಕುಳಿತವರು, ಶಿಡ್ಲಘಟ್ಟ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನನ್ನೊಡನೆ ಒಂಬತ್ತು ವರ್ಷ ಕೆಲಸ ಮಾಡಿದ ಗಣಿತದ ಮೇಷ್ಟ್ರು. ನಿವೃತ್ತರಾದ ಮೇಲೆ ಭೇಟಿಯಾಗಿರಲಿಲ್ಲ. ಒಬ್ಬಟ್ಟು ಬಡಿಸುವ ಹೊತ್ತಿಗೆ ಮಕ್ಕಳು, ಮೊಮ್ಮಕ್ಕಳು, ಸಕ್ಕರೆ ಕಾಯಿಲೆ ಎಲ್ಲವೂ ಮುಗಿದವು. ಕೈತೊಳೆದು ಮಂಟಪದ ಹಿಂದಿನ ಹುಣಸೆಮರದಡಿ ಕುರ್ಚಿ ಹಾಕಿಕೊಂಡು ಕುಳಿತಾಗ ಅವರು, "ಸಾರ್, ನಿಮ್ಮನ್ನ ಒಂದು ಮಾತು ಕೇಳಬೇಕು ಅಂತ ಬಹಳ ದಿನದಿಂದ ಇತ್ತು" ಎಂದರು.

ಅವರ ಕಥೆಯನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಸಭೆಯ ಹೆಸರು, ಊರು ಯಾವುದೂ ಬೇಡವೆಂದರು. ತೊಂಬತ್ತರ ದಶಕದ ಕೊನೆಯಲ್ಲಿ ಅವರ ಪತ್ನಿಗೆ ದೊಡ್ಡ ಕಾಯಿಲೆ ಬಂದಿತ್ತು. ಯಾರೋ ಪರಿಚಯದವರು ಕರೆದರೆಂದು ದಂಪತಿಗಳಿಬ್ಬರೂ ಒಂದು ಪ್ರಾರ್ಥನಾ ಸಭೆಗೆ ಹೋಗತೊಡಗಿದರು. ಆಕೆ ಚೇತರಿಸಿಕೊಂಡರು. ಇವರು ನೀರಿನಲ್ಲಿ ಮುಳುಗಿ ದೀಕ್ಷೆಯನ್ನೂ ಪಡೆದರು. ಆದರೆ ಪವಿತ್ರಾತ್ಮ ಇಳಿದಿದ್ದಾನೆ ಎಂಬುದಕ್ಕೆ ಗುರುತಾಗಿ ಅನ್ಯಭಾಷೆಯಲ್ಲಿ ಮಾತನಾಡಲೇಬೇಕೆಂದು ಅಲ್ಲಿಯ ಹಿರಿಯರು ಬೋಧಿಸುತ್ತಿದ್ದರಂತೆ. ಮೂರು ತಿಂಗಳು ಕಳೆದರೂ ಇವರಿಗೆ ಅದು ಬರಲಿಲ್ಲ. ಇವರ ಬಳಿಯೇ ಮಗ್ಗಿ ಕಲಿಯುತ್ತಿದ್ದ ಹುಡುಗರು ಕೂಡ ಕಣ್ಣುಮುಚ್ಚಿ ಗಳಗಳನೆ ಆಡುತ್ತಿದ್ದರು. ಕೊನೆಗೊಂದು ಉಪವಾಸದ ರಾತ್ರಿ ಹಿರಿಯರು ತಲೆಯ ಮೇಲೆ ಕೈಯಿಟ್ಟು, ಒಂದೇ ಸ್ತುತಿಪದವನ್ನು ಬೇಗಬೇಗನೆ ಹೇಳುತ್ತ ಹೋಗಿ, ನಾಲಿಗೆಯನ್ನು ಬಿಟ್ಟುಕೊಡಿ ಎಂದರು. ನಾಲಿಗೆ ತೊಡರಿತು, ತೊಡರಿದ್ದು ಹರಿಯಿತು. ಎಲ್ಲರೂ ಕೂಗಿ ಸಂತೋಷಪಟ್ಟರು, ಇವರು ಅತ್ತುಬಿಟ್ಟರು.

"ಹನ್ನೊಂದು ವರ್ಷ ಆಡಿದೆ ಸಾರ್. ಒಂದು ದಿನ ಟೇಪ್ ರೆಕಾರ್ಡರ್ ಇಟ್ಟುಕೊಂಡು ನನ್ನದನ್ನೇ ಹಿಡಿದೆ. ಕೇಳಿ ಕೇಳಿ ಬರೆದುಕೊಂಡೆ. ಒಟ್ಟು ಹದಿನಾಲ್ಕು ಅಕ್ಷರ. ಅವನ್ನೇ ಹಿಂದು ಮುಂದು ಮಾಡಿ ಆಡ್ತಾ ಇದ್ದೆ. ಲೆಕ್ಕದ ಮೇಷ್ಟ್ರ ಬುದ್ಧಿ ನೋಡಿ, ಎಣಿಸಿಬಿಟ್ಟೆ. ಆಮೇಲೆ ಅಲ್ಲಿ ಬಾಯಿ ತೆರೆಯೋಕೆ ಆಗಲಿಲ್ಲ." ಸ್ವಲ್ಪ ಸುಮ್ಮನಿದ್ದು, "ಅದು ಭಾಷೆ ಅಲ್ಲ ಅಂತ ನನಗೆ ಗೊತ್ತಾಯ್ತು. ನಿಮ್ಮನ್ನ ಕೇಳೋದು ಅದಲ್ಲ. ಹನ್ನೊಂದು ವರ್ಷ ನಾನು ಸುಳ್ಳು ಹೇಳಿದೆನಾ?" ಎಂದರು.

ನನ್ನನ್ನೇ ಕೇಳಲು ಕಾರಣವಿತ್ತು. ಶಾಲೆಯಲ್ಲಿದ್ದಾಗ ನಾನು ಮಾತುಮಾತಿಗೂ ಎಚ್ಚೆನ್ ಅವರ ಹೆಸರೆತ್ತುತ್ತಿದ್ದವನು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡತನದಲ್ಲಿ ಹುಟ್ಟಿ, ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋಗಿ, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು ಬಂದ ಮೇಲೂ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬದುಕಿದ ಎಚ್. ನರಸಿಂಹಯ್ಯನವರು ನಮ್ಮ ಸೀಮೆಯ ಹುಡುಗರಿಗೆಲ್ಲ ಆದರ್ಶವಾಗಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅವರು 1976ರಲ್ಲಿ ಪವಾಡಗಳನ್ನೂ ಪರೀಕ್ಷೆಗೊಳಪಡಿಸಬಹುದಾದ ಇತರ ಮೂಢನಂಬಿಕೆಗಳನ್ನೂ ಪರಿಶೀಲಿಸುವ ಸಮಿತಿಯೊಂದನ್ನು ರಚಿಸಿದಾಗ ನಾನು ಪಿಯುಸಿ ವಿದ್ಯಾರ್ಥಿ. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ, ನಮ್ಮ ಮುಂದೆ ನಿಮ್ಮ ಪವಾಡಗಳನ್ನು ಮಾಡಿ ತೋರಿಸಿ ಎಂದು ವಿನಯದಿಂದಲೇ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ಆ ವರ್ಷ ಬಾಬಾ 'ಬ್ಲಿಟ್ಜ್' ಪತ್ರಿಕೆಯ ಕರಂಜಿಯಾ ಅವರಿಗೆ ಕೊಟ್ಟ ಸಂದರ್ಶನದಲ್ಲಿ, ವಿಜ್ಞಾನ ಇಂದ್ರಿಯಗಳ ಎಲ್ಲೆಯೊಳಗಿನದು, ಅಧ್ಯಾತ್ಮ ಅದನ್ನು ಮೀರಿದ್ದು ಎಂಬರ್ಥದ ಮಾತನಾಡಿದರು. ಹಾಸ್ಟೆಲಿನಲ್ಲಿ ನಾವು ಎರಡು ಪಕ್ಷಗಳಾಗಿ ಜಗಳವಾಡಿದ್ದು ನೆನಪಿದೆ. ಸಮಿತಿ 1977ರಲ್ಲಿ ಕೊನೆಗೊಂಡಿತು, ಜಗಳ ಮಾತ್ರ ಈಗಲೂ ಮುಗಿದಿಲ್ಲ.

ಆದರೆ ಹುಣಸೆಮರದ ಕೆಳಗೆ ನನಗೆ ಹೊಳೆದದ್ದೇನೆಂದರೆ, ಎಚ್ಚೆನ್ ಅವರ ಪ್ರಶ್ನೆ ಹೊರಗೆ ನಿಂತು ಕೇಳುವ ಪ್ರಶ್ನೆ: 'ಮಾಡಿ ತೋರಿಸಿ.' ನನ್ನ ಸ್ನೇಹಿತರದು ಒಳಗಿದ್ದು ಹೊರಬಂದವನ ಪ್ರಶ್ನೆ: 'ನನಗೆ ಆದದ್ದೇನು?' ಇದಕ್ಕೆ ಯಾವ ಸಮಿತಿಯೂ ಪತ್ರ ಬರೆದು ಉತ್ತರ ತರಿಸಲಾರದು.

ಒಳಗಿನವರ ಅನುಮಾನಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿ ಮೊದಲು ಪ್ರಸಿದ್ಧವಾದದ್ದು ವಿಶ್ವೇಶ್ವರಯ್ಯನವರ ಹುಟ್ಟೂರೆಂದು. ಸತ್ಯಸಾಯಿ ಬಾಬಾ 2011ರ ಏಪ್ರಿಲ್ 24ರಂದು ತೀರಿಕೊಂಡ ಮೇಲೆ, ಅವರು ಸೂಕ್ಷ್ಮ ಶರೀರದಲ್ಲಿ ಮುದ್ದೇನಹಳ್ಳಿಗೆ ಬರುತ್ತಾರೆ, ಅವರ ಹಳೆಯ ವಿದ್ಯಾರ್ಥಿಯೊಬ್ಬರ ಮೂಲಕ ಮಾತನಾಡುತ್ತಾರೆ ಎಂಬ ನಂಬಿಕೆ ಅಲ್ಲಿ ಬೆಳೆಯಿತು. ದೇಶವಿದೇಶಗಳಿಂದ ಭಕ್ತರು ಬಂದರು, ಆಸ್ಪತ್ರೆ ಶಾಲೆಗಳೂ ಬೆಳೆದವು. ಆದರೆ ಇದನ್ನು ಗಟ್ಟಿಯಾಗಿ ನಿರಾಕರಿಸಿದವರು ವಿಚಾರವಾದಿಗಳಲ್ಲ, ಪುಟ್ಟಪರ್ತಿಯ ಕೇಂದ್ರ ಟ್ರಸ್ಟಿನವರು, ದಶಕಗಳಿಂದ ಬಾಬಾ ಅವರನ್ನೇ ನಂಬಿದ್ದವರು. ಸ್ವಾಮಿಗೆ ಮಧ್ಯವರ್ತಿ ಬೇಕಿಲ್ಲ ಎಂಬುದು ಅವರ ನಿಲುವು. ಒಂದೇ ಗುರುವಿನ ಶಿಷ್ಯರು, ಒಂದೇ ದನಿಯ ಬಗ್ಗೆ ಎರಡು ತೀರ್ಪು ಕೊಟ್ಟರು. ಬಾಬಾ ಉಪನ್ಯಾಸಗಳನ್ನು ಬಹುಮಟ್ಟಿಗೆ ತೆಲುಗಿನಲ್ಲೇ ಕೊಡುತ್ತಿದ್ದರು. ಅವನ್ನು ಇಂಗ್ಲಿಷಿಗೆ ತಂದವರಲ್ಲಿ ಮುಖ್ಯರು ನಮ್ಮ ಕನ್ನಡದ ಹಾಸ್ಯಸಾಹಿತಿ ನಾ. ಕಸ್ತೂರಿಯವರು. 'ಅನರ್ಥಕೋಶ' ಬರೆದ ಲೇಖಣಿಯೇ ಮುಂದೆ ಬಾಬಾ ಅವರ ಮಾತುಗಳ ಅರ್ಥಕೋಶವಾಯಿತು ಎಂದು ನಾವು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದೆವು.

ಇರಲಿ, ಅನ್ಯಭಾಷೆಯ ವಿಷಯಕ್ಕೆ ಬರುತ್ತೇನೆ. ಮದುವೆಯಿಂದ ಬಂದ ಮೇಲೆ ಎರಡು ತಿಂಗಳು ನನಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಬೈಬಲಿನ ಹೊಸ ಒಡಂಬಡಿಕೆಯಲ್ಲೇ ಈ ಸಂಗತಿ ಎರಡು ಬಗೆಯಾಗಿ ಬರುತ್ತದೆ. ಅಪೊಸ್ತಲರ ಕೃತ್ಯಗಳಲ್ಲಿ ಪಂಚಾಶತ್ತಮ ದಿನದಂದು ಶಿಷ್ಯರು ಮಾತನಾಡಿದಾಗ, ನಾನಾ ದೇಶಗಳಿಂದ ಜೆರುಸಲೇಮಿಗೆ ಬಂದಿದ್ದವರು ತಮ್ಮತಮ್ಮ ಭಾಷೆಯಲ್ಲಿ ಕೇಳಿ ಅರ್ಥಮಾಡಿಕೊಂಡರು. ಕೊರಿಂಥದ ಸಭೆಯಲ್ಲಿ ಹಾಗಲ್ಲ. ಆಡಿದ್ದು ಯಾರಿಗೂ ಅರ್ಥವಾಗದು, ವಿವರಿಸಲು ಬೇರೊಬ್ಬ ಬೇಕು. ವಿವರಿಸುವವನಿಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಲಿ ಎಂದು ಪೌಲನೇ ಕಟ್ಟುಮಾಡಿದ. ಎಂದರೆ ಅನ್ಯಭಾಷೆಯ ಬಗ್ಗೆ ಮೊದಲು ಎಚ್ಚರಿಕೆ ಹೇಳಿದವನು ಕೂಡ ಒಳಗಿನವನೇ, ತಾನೂ ಅದನ್ನು ಆಡುತ್ತಿದ್ದವನು. ಎಲ್ಲರಿಗೂ ತಿಳಿಯುವ ಪರಭಾಷೆಯೋ, ಯಾರಿಗೂ ತಿಳಿಯದ ದೇವಭಾಷೆಯೋ ಎಂಬ ಗೊಂದಲ ಅಂದಿನಿಂದ ಇಂದಿನವರೆಗೂ ಬಂದಿದೆ.

ನನ್ನ ಸ್ನೇಹಿತರಂಥವರನ್ನು ಹುಡುಕುತ್ತ ಹೋದಾಗ ಸಿಕ್ಕಿದವನು ರಾಬರ್ಟ್ ಬ್ಯಾಕ್ಸ್ಟರ್. ಇಂಗ್ಲೆಂಡಿನ ಡಾಂಕಾಸ್ಟರಿನ ವಕೀಲ. ಲಂಡನ್ನಿನಲ್ಲಿ ಎಡ್ವರ್ಡ್ ಇರ್ವಿಂಗ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಬಹು ದೊಡ್ಡ ವಾಗ್ಮಿಯೆಂದು ಹೆಸರಾಗಿದ್ದ. 1830ರಲ್ಲಿ ಸ್ಕಾಟ್ಲೆಂಡಿನಲ್ಲಿ ಮೇರಿ ಕ್ಯಾಂಬೆಲ್ ಎಂಬ ಕಾಯಿಲೆಯ ಹೆಣ್ಣುಮಗಳು ಅನ್ಯಭಾಷೆಯಲ್ಲಿ ಮಾತನಾಡಿದ ಸುದ್ದಿ ಹಬ್ಬಿತು. ಅದು ಪೆಸಿಫಿಕ್ ಸಾಗರದ ಪಲಾವು ದ್ವೀಪಗಳ ಭಾಷೆಯೆಂದು ಆಕೆ ನಂಬಿದ್ದಳು. ಸುತ್ತಮುತ್ತ ಆ ದ್ವೀಪದವರು ಯಾರೂ ಇರಲಿಲ್ಲವೆಂಬುದು ಅನುಕೂಲವೇ ಆಯಿತು! ಮರುವರ್ಷ ಇರ್ವಿಂಗನ ಚರ್ಚಿನಲ್ಲೂ ಆರಾಧನೆಯ ನಡುವೆ ಅಂಥ ಕೂಗುಗಳು ಎದ್ದವು. ಬ್ಯಾಕ್ಸ್ಟರ್ ಅಲ್ಲಿಗೆ ಬಂದು, ತಾನೂ ಆ ಶಕ್ತಿಯ ವಶನಾಗಿ ಪ್ರವಾದನೆ ಮಾಡತೊಡಗಿದ. ಕೇಳುವವರು ನಡುಗುತ್ತಿದ್ದರಂತೆ. 1832ರ ಜನವರಿ 14ರಂದು, ಇಂದಿನಿಂದ 1260 ದಿನಗಳೊಳಗೆ ಭಕ್ತರೆಲ್ಲ ಆಕಾಶಕ್ಕೆ ಎತ್ತಲ್ಪಡುವರು ಎಂದು ನುಡಿದ.

ಅವಧಿ ಮುಗಿಯುವವರೆಗೂ ಅವನು ಕಾಯಲಿಲ್ಲ. ಹತ್ತಿರದ ದಿನಗಳಿಗೆಂದು ನುಡಿದಿದ್ದ ಬೇರೆ ಮಾತುಗಳು ಒಂದೊಂದಾಗಿ ಸುಳ್ಳಾದವು. ವಕೀಲನಲ್ಲವೇ, ತನ್ನ ಸಾಕ್ಷ್ಯವನ್ನು ತಾನೇ ಪಾಟೀಸವಾಲಿಗೆ ಒಡ್ಡಿಕೊಂಡ. ಅದೇ ವರ್ಷದ ಏಪ್ರಿಲ್ ಕೊನೆಯಲ್ಲಿ ಇರ್ವಿಂಗ್ ತನ್ನ ಪಂಗಡದ ಹಿರಿಯರ ಮುಂದೆ ವಿಚಾರಣೆಗೆ ಹೊರಡಬೇಕಾಗಿದ್ದ ಬೆಳಗ್ಗೆಯೇ ಹೋಗಿ, ನಾವೆಲ್ಲರೂ ಮೋಸಹೋಗಿದ್ದೇವೆ ಎಂದುಬಿಟ್ಟ. ಗುರುವಿನ ಪಕ್ಷದಲ್ಲಿ ಸಾಕ್ಷಿಯಾಗಬೇಕಾದವನು ಆ ದಿನವೇ ಹೀಗೆಂದರೆ ಇರ್ವಿಂಗನಿಗೆ ಹೇಗಾಗಿರಬೇಕು? ಇರ್ವಿಂಗ್ ಒಪ್ಪಲಿಲ್ಲ. ಸ್ವತಃ ಅವನಿಗೆ ಆ ವರ ಎಂದೂ ಸಿಗಲಿಲ್ಲ. ಬಂದವರ ಮಾತನ್ನು ಮಾತ್ರ ಕೊನೆಯವರೆಗೂ ನಂಬಿದ. ಪಾದ್ರಿಪದವಿ ಕಳೆದುಕೊಂಡು 1834ರ ಡಿಸೆಂಬರಿನಲ್ಲಿ 42ನೆಯ ವಯಸ್ಸಿಗೇ ತೀರಿಕೊಂಡ. ಬ್ಯಾಕ್ಸ್ಟರ್ 1833ರಲ್ಲಿ ತನ್ನ ಅನುಭವವನ್ನೆಲ್ಲ ಪುಸ್ತಕವಾಗಿ ಅಚ್ಚುಹಾಕಿಸಿದ.

ನನಗೆ ಮುಖ್ಯವೆನಿಸಿದ್ದು ಆತ ಕೊಟ್ಟ ಹೇಳಿಕೆ. ನಾನು ನಟಿಸಿದೆ ಎಂದು ಅವನು ಬರೆಯಲಿಲ್ಲ. ಮಾತು ತನ್ನನ್ನು ಮೀರಿ ಬಂದದ್ದು ನಿಜ, ಆದರೆ ಅದು ದೇವರದಲ್ಲ, ಸುಳ್ಳಾಡುವ ಆತ್ಮದ್ದು ಎಂದ. ಮೇರಿ ಕ್ಯಾಂಬೆಲ್ ಮುಂದೊಮ್ಮೆ ತನ್ನ ಊರಿನ ಪಾದ್ರಿಗೆ ಬರೆದ ಪತ್ರದಲ್ಲಿ ಬೇರೆಯೇ ಹೇಳಿದಳು: ತನ್ನ ಮನಸ್ಸಿಗೆ ತೋಚಿದ್ದನ್ನೇ ದೇವರ ದನಿಯೆಂದು ಕರೆದುಬಿಟ್ಟೆ ಎಂದು ಒಪ್ಪಿಕೊಂಡಳು. ಒಬ್ಬನ ಪಾಲಿಗೆ ಅದು ಹೊರಗಿನ ಶಕ್ತಿ, ಇನ್ನೊಬ್ಬಳ ಪಾಲಿಗೆ ಒಳಗಿನ ತೋಚಿಕೆ. ಬೇಕೆಂದು ಮಾಡಿದ ಮೋಸವೆಂದು ಇಬ್ಬರೂ ಹೇಳಲಿಲ್ಲ.

ಇಂದಿನ ಪೆಂಟೆಕೋಸ್ಟ್ ಸಭೆಗಳ ಮೂಲ ಅಮೆರಿಕದ್ದು. ಕಾನ್ಸಾಸ್ ಪ್ರಾಂತದ ಟೊಪೀಕಾದಲ್ಲಿ ಚಾರ್ಲ್ಸ್ ಪಾರಮ್ ನಡೆಸುತ್ತಿದ್ದ ಬೈಬಲ್ ಶಾಲೆಯಲ್ಲಿ 1901ರ ಹೊಸವರ್ಷದ ದಿನ ಆಗ್ನೆಸ್ ಓಜ್ಮನ್ ಎಂಬ ವಿದ್ಯಾರ್ಥಿನಿ ಅನ್ಯಭಾಷೆಯಲ್ಲಿ ಮಾತನಾಡಿದಳು. ಚೀನೀ ಭಾಷೆ ಎಂದರು. ಪಾರಮನ ಲೆಕ್ಕಾಚಾರ ಸರಳ. ದೇವರೇ ಭಾಷೆ ಕೊಡುವಾಗ ಮಿಷನರಿಗಳು ವರ್ಷಗಟ್ಟಲೆ ವ್ಯಾಕರಣ ಓದುವುದೇಕೆ? ನಮ್ಮ ಕಿಟ್ಟೆಲ್ ಸಾಹೇಬರು ಕನ್ನಡ ನಿಘಂಟಿಗಾಗಿ ಸವೆಸಿದ ಕಣ್ಣುಗಳನ್ನು ನೆನೆದರೆ ಈ ಮಾತಿಗೆ ನಗಬೇಕೋ ಮರುಗಬೇಕೋ ತಿಳಿಯದು. 1906ರ ಏಪ್ರಿಲಿನಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ, ಗುಲಾಮರಾಗಿದ್ದ ತಂದೆತಾಯಿಯರ ಮಗ ವಿಲಿಯಂ ಸೀಮೋರ್ ನಡೆಸಿದ ಸಭೆಗಳಿಂದ ಈ ಕಿಡಿ ಲೋಕವೆಲ್ಲ ಹಬ್ಬಿತು.

ಅಲ್ಲಿಂದ ಹೊರಟವರಲ್ಲಿ ಆಲ್ಫ್ರೆಡ್ ಗಾರ್ ಮತ್ತು ಅವನ ಹೆಂಡತಿ ಲಿಲಿಯನ್ ಇದ್ದರು. ತನಗೆ ಬಂದದ್ದು ಬಂಗಾಳಿ ಎಂದು ಗಾರ್ ನಂಬಿದ್ದ. ಹೆಂಡತಿಗೆ ಟಿಬೆಟ್ಟಿನ ಭಾಷೆಯೂ ಚೀನಿಯೂ ಬಂದವೆಂದು ನಂಬಿಕೆ. ಸಮುದ್ರ ದಾಟಿ 1907ರ ಆರಂಭದ ಹೊತ್ತಿಗೆ ಕಲ್ಕತ್ತೆ ಸೇರಿದರು. ಗಾರ್ ಬಂಗಾಳಿಗಳ ಮುಂದೆ ನಿಂತು ಮಾತನಾಡಿದ. ಯಾರಿಗೂ ಒಂದಕ್ಷರ ತಿಳಿಯಲಿಲ್ಲ.

ಈ ದೃಶ್ಯವನ್ನು ನಾನು ಹಲವು ಸಲ ಕಣ್ಣಮುಂದೆ ತಂದುಕೊಂಡಿದ್ದೇನೆ. ಮನೆ ಮಠ ಬಿಟ್ಟು, ಸಭೆಯ ಕೆಲಸ ಬಿಟ್ಟು, ಅರ್ಧ ಭೂಮಂಡಲ ದಾಟಿ ಬಂದವನು. ಎದುರಿಗೆ ನಿಂತವರು ಮುಖಮುಖ ನೋಡಿಕೊಳ್ಳುತ್ತಿದ್ದಾರೆ. ಅವನು ಊರಿಗೆ ಓಡಲಿಲ್ಲ, ನಂಬಿಕೆಯನ್ನೂ ಬಿಡಲಿಲ್ಲ. ಅನ್ಯಭಾಷೆ ಪರದೇಶದವರಿಗೆ ಬೋಧಿಸಲು ಕೊಟ್ಟದ್ದಲ್ಲ, ಅದು ಪ್ರಾರ್ಥನೆಯ ಮಾತು ಎಂದು ಸಿದ್ಧಾಂತವನ್ನೇ ತಿದ್ದಿಕೊಂಡ. ಆಮೇಲೆ ಹಾಂಗ್‌ಕಾಂಗಿಗೆ ಹೋದಾಗ ದುಭಾಷಿಯನ್ನಿಟ್ಟುಕೊಂಡೇ ಬೋಧಿಸಿದ. ಎಸ್. ಸಿ. ಟಾಡ್ ಎಂಬ ಮಿಷನರಿ, ಹೀಗೆ ಜಪಾನು, ಚೀನಾ, ಭಾರತಗಳಿಗೆ ಬಂದಿದ್ದ 18 ಜನರನ್ನು ವಿಚಾರಿಸಿದಾಗ, ಅಲ್ಲಿಯ ಜನರ ಭಾಷೆಯಲ್ಲಿ ಮಾತನಾಡಲು ಸಾಧ್ಯವಾಯಿತೆಂದು ಹೇಳಿದವನು ಒಬ್ಬನೂ ಇರಲಿಲ್ಲ. ಸೋತೆವೆಂದು ಅವರೇ ಒಪ್ಪಿಕೊಂಡರು. ಅಷ್ಟು ದೂರ ಬಂದವರಿಗೆ ಆ ಒಂದು ಮಾತು ಹೇಳುವುದು ಎಷ್ಟು ಕಷ್ಟವಾಗಿದ್ದಿರಬೇಕು!

ಅದೇ ವರ್ಷಗಳಲ್ಲಿ ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಸದನವಿತ್ತು. ಆಕೆ ಕರ್ನಾಟಕದ ಮಗಳು; ತಂದೆ ಅನಂತಶಾಸ್ತ್ರಿ ಡೋಂಗ್ರೆಯವರದು ಕಾರ್ಕಳದ ಮಾಳ, ಆಕೆ ಹುಟ್ಟಿದ್ದು 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಬಾಲ್ಯದಲ್ಲೇ ಭಾಗವತ ಕಂಠಪಾಠ, ಕಲ್ಕತ್ತೆಯ ವಿದ್ವಾಂಸರಿಂದ ಸರಸ್ವತಿ ಎಂಬ ಬಿರುದು. 1905ರ ಜೂನ್ ಕೊನೆಯಲ್ಲಿ ಸದನದ ಹೆಣ್ಣುಮಕ್ಕಳಲ್ಲಿ ಭಾವಾವೇಶದ ಪ್ರಾರ್ಥನೆ ಶುರುವಾಗಿ, ಮುಂದಿನ ಒಂದೆರಡು ವರ್ಷಗಳಲ್ಲಿ ಅನ್ಯಭಾಷೆಯೂ ಕಾಣಿಸಿಕೊಂಡಿತು. ರಮಾಬಾಯಿ ಆ ಹುಡುಗಿಯರನ್ನು ಹೊರಗಿನ ಟೀಕೆಯಿಂದ ಕಾಪಾಡಿದರು. ತಾವು ಮಾತ್ರ ಅನ್ಯಭಾಷೆ ಆಡಲಿಲ್ಲ, ಅದೊಂದೇ ದೈವಕೃಪೆಯ ಗುರುತು ಎಂದು ಒಪ್ಪಲೂ ಇಲ್ಲ. ತಮ್ಮ ಕೊನೆಯ ವರ್ಷಗಳನ್ನು ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲನ್ನು ಮರಾಠಿಗೆ ತರುವುದರಲ್ಲಿ ಕಳೆದರು. ಪಾರಮನಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಾಣದು.

ಈಗ ಸ್ವಲ್ಪ ದಾರಿ ತಪ್ಪುತ್ತೇನೆ. ಇದು ಕ್ರೈಸ್ತ ಸಭೆಯ ಕಥೆಯಲ್ಲ. ಸತ್ತವರ ಆತ್ಮಗಳನ್ನು ಕರೆಯುವ ಮಂಡಳಿಯೊಂದರದು. ಕನ್ನಡಿಗರು ಓದಲೇಬೇಕಾದದ್ದು. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಹೆಲೆನ್ ಸ್ಮಿತ್ ಎಂಬ ಗುಪ್ತನಾಮದಿಂದ ಪ್ರಸಿದ್ಧಳಾದ ಅಂಗಡಿ ನೌಕರಳೊಬ್ಬಳು ಆವೇಶದಲ್ಲಿ ಮಂಗಳಗ್ರಹದ ಭಾಷೆ ಮಾತನಾಡುತ್ತಿದ್ದಳು. ಅಷ್ಟೇ ಅಲ್ಲ, ಹಿಂದಿನ ಜನ್ಮದಲ್ಲಿ ತಾನು ಅರಬ್ ನಾಯಕನ ಮಗಳಾಗಿ ಹುಟ್ಟಿ, ಕನ್ನಡ ಸೀಮೆಯ ಶಿವರುಕ ನಾಯಕನೆಂಬ ರಾಜನ ರಾಣಿಯಾಗಿದ್ದೆ, ಅವನು 1401ರಲ್ಲಿ ಚಂದ್ರಗಿರಿಯ ಕೋಟೆ ಕಟ್ಟಿಸಿದ ಎಂದು ಹೇಳಿ 'ಸಂಸ್ಕೃತ'ವನ್ನೂ ಆಡುತ್ತಿದ್ದಳು. ಮನಃಶಾಸ್ತ್ರದ ಪ್ರಾಧ್ಯಾಪಕ ಥಿಯೊಡೋರ್ ಫ್ಲೂರ್ನಾಯ್ ಐದು ವರ್ಷ ಆಕೆಯ ಕೂಟಗಳಲ್ಲಿ ಕುಳಿತು, 1900ರ ವೇಳೆಗೆ ದೊಡ್ಡ ಪುಸ್ತಕ ಬರೆದ. ಚಂದ್ರಗಿರಿ, 1401, ಶಿವರುಕ ಎಲ್ಲವೂ ದ ಮಾರ್ಲೆಸ್ ಎಂಬ ಫ್ರೆಂಚನು 1828ರಲ್ಲಿ ಬರೆದ ಭಾರತ ಚರಿತ್ರೆಯಲ್ಲಿ ಸಿಕ್ಕವು. ಕಾಸರಗೋಡಿನ ಬಳಿಯ ಚಂದ್ರಗಿರಿ ಕೋಟೆ 17ನೆಯ ಶತಮಾನದ ಕೆಳದಿಯ ಶಿವಪ್ಪನಾಯಕನದೆಂದು ನಾವು ತರಗತಿಯಲ್ಲಿ ಪಾಠ ಮಾಡಿದವರು. ಪುಸ್ತಕದ ತಪ್ಪು ಆವೇಶದ ಬಾಯಲ್ಲೂ ಹಾಗೆಯೇ ಬಂದಿತ್ತು!

ಆಕೆಯ ಸಂಸ್ಕೃತವನ್ನು ಪರೀಕ್ಷಿಸಿದವನು ಜಿನೀವಾದಲ್ಲೇ ಸಂಸ್ಕೃತ ಕಲಿಸುತ್ತಿದ್ದ ಫರ್ಡಿನಾಂಡ್ ದ ಸಸ್ಯೂರ್, ಮುಂದೆ ಆಧುನಿಕ ಭಾಷಾವಿಜ್ಞಾನದ ಪಿತಾಮಹನೆನಿಸಿದವನು. ಅಲ್ಲೊಂದು ಇಲ್ಲೊಂದು ಸಂಸ್ಕೃತದ ಚೂರುಗಳಿವೆ, ಉಳಿದದ್ದು ಕಲಸುಮೇಲೋಗರ ಎಂದ. ಫ್ರೆಂಚಿನಲ್ಲಿ ಧಾರಾಳವಾಗಿರುವ, ಸಂಸ್ಕೃತದಲ್ಲಿಲ್ಲದ 'ಫ಼' ಧ್ವನಿ ಆಕೆಯ ಮಾತಿನಲ್ಲಿ ಬಾರದಿರುವುದು ಅವನಿಗೆ ಸೋಜಿಗವೆನಿಸಿತು. ಮಂಗಳಗ್ರಹದ ಭಾಷೆಯಂತೂ ಪದಕ್ಕೆ ಪದ ಫ್ರೆಂಚ್ ವಾಕ್ಯದ ಅಚ್ಚಿನಲ್ಲೇ ಎರೆದದ್ದು. ನನ್ನ ಅನುಮಾನ ಇನ್ನೂ ಸರಳ. ಚಂದ್ರಗಿರಿಯ ರಾಣಿ ತನ್ನ ಅಂತಃಪುರದಲ್ಲಿ ಕನ್ನಡವನ್ನೋ ತುಳುವನ್ನೋ ಆಡಬೇಕಾಗಿತ್ತು, ಸಂಸ್ಕೃತವನ್ನೇಕೆ? ಕನ್ನಡವೆಂಬುದೊಂದಿದೆ ಎಂಬ ಸುಳಿವು ಆಕೆಯ ಕೈಗೆ ಬಂದ ಪುಸ್ತಕದಲ್ಲಿ ಇದ್ದಿರಲಾರದು. ಆದರೂ ಫ್ಲೂರ್ನಾಯ್ ಆಕೆಯನ್ನು ಮೋಸಗಾರ್ತಿ ಎನ್ನಲಿಲ್ಲ. ಎಂದೋ ಓದಿದ್ದು, ಕೇಳಿದ್ದು ಮರೆತುಹೋಗಿ ಮನಸ್ಸಿನ ತಳದಲ್ಲಿ ಬಿದ್ದಿದ್ದು, ಅಲ್ಲೇ ಕಥೆಯಾಗಿ ಭಾಷೆಯಾಗಿ ಹೆಣೆದುಕೊಂಡು ಮೇಲೆ ಬಂದಿದೆ, ಆಕೆಗೇ ಅದರ ಅರಿವಿಲ್ಲ ಎಂದ. ಆಕೆಗೆ ಈ ಉತ್ತರ ರುಚಿಸದೆ ಅವನ ಸ್ನೇಹವನ್ನೇ ಕಡಿದುಕೊಂಡಳು.

ಇಪ್ಪತ್ತನೆಯ ಶತಮಾನದ ಭಾಷಾವಿಜ್ಞಾನಿಗಳಲ್ಲಿ ವಿಲಿಯಂ ಸಮಾರಿನ್ ವರ್ಷಗಟ್ಟಲೆ ಅನ್ಯಭಾಷೆಯ ಧ್ವನಿಮುದ್ರಣಗಳನ್ನು ಕೂಡಿಸಿ 1972ರಲ್ಲಿ ಗ್ರಂಥ ಪ್ರಕಟಿಸಿದ. ಅದು ಭಾಷೆಯಂತೆ ಕೇಳುತ್ತದೆ, ಲಯವಿದೆ, ಏರಿಳಿತವಿದೆ. ಆದರೆ ಪದಕ್ಕೂ ಅರ್ಥಕ್ಕೂ ನಂಟಿಲ್ಲ. ಧ್ವನಿಗಳು ಆಡುವವನಿಗೆ ಮೊದಲೇ ಪರಿಚಯವಿದ್ದ ಭಾಷೆಗಳಿಂದಲೇ ಬಂದವು, ಅದರಲ್ಲೂ ಕೆಲವೇ ಉಚ್ಚಾರಗಳ ಮರುಕಳಿಕೆ. ನನ್ನ ಸ್ನೇಹಿತರು ಯಾವ ಗ್ರಂಥವನ್ನೂ ಓದದೆ ಲೆಕ್ಕದ ನೋಟ್‌ಬುಕ್ಕಿನಲ್ಲಿ ಕಂಡುಕೊಂಡದ್ದೂ ಇದೇ. ಅದೇ ವರ್ಷ ಪ್ರಕಟವಾದ ಜಾನ್ ಕಿಲ್ಡಾಲ್ ಎಂಬ ಮನಃಶಾಸ್ತ್ರಜ್ಞನ ಪುಸ್ತಕದಲ್ಲಿ, ಒಂದೇ ಧ್ವನಿಮುದ್ರಣವನ್ನು ಬೇರೆ ಬೇರೆ ವ್ಯಾಖ್ಯಾನಕಾರರಿಗೆ ಕೇಳಿಸಿದ ಪ್ರಸಂಗವಿದೆ. ಒಬ್ಬರಿಗೆ ಅದು ಮಕ್ಕಳ ಆರೋಗ್ಯಕ್ಕಾಗಿ ಮಾಡಿದ ಪ್ರಾರ್ಥನೆ, ಇನ್ನೊಬ್ಬರಿಗೆ ಚರ್ಚಿನ ಚಂದಾ ಚೆನ್ನಾಗಿ ಕೂಡಿದ್ದಕ್ಕೆ ಹೇಳಿದ ಕೃತಜ್ಞತೆ! ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ನಿಕೊಲಾಸ್ ಸ್ಪಾನೋಸ್ ತಂಡದವರು 1986ರಲ್ಲಿ 60 ಜನರಿಗೆ ಒಂದು ನಿಮಿಷದ ಮಾದರಿ ಕೇಳಿಸಿ, ಹೀಗೆಯೇ ಆಡಿ ಎಂದರು. ಐದರಲ್ಲೊಬ್ಬರು ಅಲ್ಲೇ ನಿರರ್ಗಳವಾಗಿ ಆಡಿದರು. ಸ್ವಲ್ಪ ತರಬೇತಿ ಪಡೆದವರಲ್ಲಿ ಶೇ. 70ರಷ್ಟು ಮಂದಿಗೆ ಅದು ಬಂತು. ಇಷ್ಟನ್ನೇ ಓದಿದರೆ ಇದೊಂದು ಕಲಿತ ವಿದ್ಯೆ, ಅಷ್ಟೇ ಎನ್ನಬಹುದು. ಆದರೆ 2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಂಡ್ರೂ ನ್ಯೂಬರ್ಗ್ ಐವರು ಹೆಂಗಸರ ಮೆದುಳಿನ ರಕ್ತಸಂಚಾರವನ್ನು ನೋಡಿದಾಗ, ಅವರು ಭಕ್ತಿಗೀತೆ ಹಾಡುವಾಗಿಗಿಂತ ಅನ್ಯಭಾಷೆ ಆಡುವಾಗ ಮುಂಭಾಗದ ಚಟುವಟಿಕೆ ತಗ್ಗಿತ್ತು. ನಾವು ಬೇಕೆಂದು ಯೋಚಿಸಿ ಮಾಡುವ ಕೆಲಸಗಳಿಗೆ ಆ ಭಾಗವೇ ಆಧಾರ. ಐವರೇ ಆದ್ದರಿಂದ ದೊಡ್ಡ ತೀರ್ಮಾನ ಸಲ್ಲದು. ಆದರೂ 'ನಾನು ಮಾಡಲಿಲ್ಲ, ತಾನಾಗಿ ಬಂತು' ಎಂಬ ಅವರ ಮಾತಿಗೆ ಅದು ಹೊಂದುತ್ತದೆ.

ನಮ್ಮ ಸೀಮೆಗೆ ಇದೇನೂ ಹೊಸದಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಅತ್ತೆಯೊಬ್ಬರ ಮೈಮೇಲೆ ಗಂಗಮ್ಮ ಬರುತ್ತಿದ್ದಳು. ಅತ್ತೆಯ ಮನೆಮಾತು ತೆಲುಗು, ಗಂಗಮ್ಮನೂ ತೆಲುಗಿನಲ್ಲೇ ಗದರಿಸುತ್ತಿದ್ದಳು. ಕನ್ನಡದ ಮನೆಯವರ ಮೈಮೇಲೆ ಬಂದರೆ ಅದೇ ಗಂಗಮ್ಮ ಕನ್ನಡದವಳು. ನನ್ನ ಅಜ್ಜಿ ಮಹಾ ದೈವಭಕ್ತೆ, ಆದರೂ ಯಾರ ಮೈಮೇಲೆ ಏನು ಬಂದರೂ ಮೊದಲು, "ಯಾವ ತಾಯಿ ನೀನು, ಹೆಸರು ಹೇಳು, ಎಲ್ಲಿಂದ ಬಂದೆ?" ಎಂದು ಗದರಿ ಕೇಳುತ್ತಿದ್ದರು. ಆಮೇಲೆ ಅಂಗೈಯಲ್ಲಿ ಉರಿಯುವ ಕರ್ಪೂರ. ಕೆಲವರು ಕರ್ಪೂರ ಕಂಡೊಡನೆ ಎಚ್ಚರವಾಗುತ್ತಿದ್ದರು, ಅಜ್ಜಿ ನಗುತ್ತ ಅವರಿಗೆ ನೀರುಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ಯಾರನ್ನೂ ಸುಳ್ಳಿ ಎಂದು ಹಂಗಿಸಿದ್ದನ್ನು ನಾನು ಕೇಳಲಿಲ್ಲ. "ಪಾಪ, ಅವಳಿಗೆ ಮನೆಯಲ್ಲಿ ಮಾತಾಡೋಕೆ ಯಾರು ಬಿಡ್ತಾರೆ" ಎನ್ನುತ್ತಿದ್ದರು. ಈ ಮಾತಿನ ತೂಕ ನನಗೆ ತಿಳಿದದ್ದು ಬಿಎಡ್‌ನಲ್ಲಿ ಮನಃಶಾಸ್ತ್ರ ಓದಿದಾಗಲೂ ಅಲ್ಲ, ಈಗ.

ಮೊನ್ನೆ ಭಾನುವಾರ ಸ್ನೇಹಿತರು ಚಿಕ್ಕಬಳ್ಳಾಪುರಕ್ಕೆ ಬಂದಿದ್ದರು. ಬ್ಯಾಕ್ಸ್ಟರನ ಕಥೆ, ಗಾರ್ ಕಥೆ, ಚಂದ್ರಗಿರಿಯ ರಾಣಿಯ ಕಥೆ ಎಲ್ಲವನ್ನೂ ಹೇಳಿದೆ. ಮೊದಲ ರಾತ್ರಿ ನಿಮಗೆ ಆದದ್ದು ಸುಳ್ಳಲ್ಲ, ಅದು ಭಾಷೆಯೂ ಅಲ್ಲ. ನೀವು ಹೇಳಬೇಕೆಂದು ಹೇಳಿದ ಸುಳ್ಳು ಇದ್ದರೆ ಅದು ಟೇಪ್ ಕೇಳಿದ ಮೇಲಿನದು ಮಾತ್ರ ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಟೇಪ್ ಕೇಳಿದ ಮೇಲೂ ನಾಲ್ಕು ವಾರ ಆಡಿದೆ ಸಾರ್. ಮನೆಯವಳು ಪಕ್ಕದಲ್ಲಿ ಕೂತಿರ್ತಾ ಇದ್ದಳು" ಎಂದರು.

ಅವರ ಪತ್ನಿ ಈಗಲೂ ಪ್ರತಿ ಭಾನುವಾರ ಸಭೆಗೆ ಹೋಗುತ್ತಾರೆ. ಇವರೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟು, ಮುಗಿಯುವವರೆಗೂ ಎದುರಿನ ಟೀ ಅಂಗಡಿಯಲ್ಲಿ ಪೇಪರು ಓದುತ್ತಾರಂತೆ. ಒಳಗಿನಿಂದ ಬರುವ ದನಿಗಳ ನಡುವೆ ಆಕೆಯದು ಯಾವುದೆಂದು ಗುರುತು ಸಿಗುತ್ತದೆ ಎಂದರು. ಈ ಬರಹವನ್ನು ಆಕೆಗೆ ಓದಿ ಹೇಳಲೇ ಎಂದು ನನ್ನನ್ನು ಕೇಳಿದರು. ನಿಮ್ಮ ಇಷ್ಟ ಎಂದೆ. ಹೋಗುವಾಗ ಆ ಲೆಕ್ಕದ ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು, ಮನೆಯಲ್ಲಿ ಇದಕ್ಕೆ ಜಾಗವಿಲ್ಲ, ನಿಮ್ಮ ಹತ್ತಿರವೇ ಇರಲಿ ಎಂದು ಹೇಳಿ ಹೋದರು.